ಸೋಫಿಯಾಳನ್ನು ಯಾರೂ ಬಚ್ಚಿಟ್ಟಿರಲಿಲ್ಲ

ಮಾನ್ಯ ಸಂಪಾದಕರೇ,

ಸ್ವೀಡನ್ ರಾಜಮನೆತನದ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಹದಿನಾರನೇ ಶತಮಾನದ ರಾಜ ಮೂರನೇ ಯೋಹಾನನ ಮಗಳು ಸೋಫಿಯಾ ಯುಲ್ಲೆನ್ಯೆಲ್ಮ್‌ಳನ್ನು ‘ಲೋಕದ ಕಣ್ಣಿನಿಂದ ಬಚ್ಚಿಟ್ಟ ಕೂಸು’ ಎಂದು ಬಣ್ಣಿಸಿದೆ. ಅವಳು ಮದುವೆಯ ಹೊರಗೆ ಹುಟ್ಟಿದವಳು, ನಿಜ. ಆದರೆ ಬಚ್ಚಿಟ್ಟಿದ್ದು ಸುಳ್ಳು. ತಂದೆ ಅವಳನ್ನು ಎಲ್ಲರೆದುರೇ ತನ್ನ ಮಗಳೆಂದು ಒಪ್ಪಿಕೊಂಡ, ಕುಲೀನ ಮನೆತನದ ಹೆಸರೊಂದನ್ನು ಕೊಟ್ಟ, ತನ್ನ ರಾಜ್ಯಕ್ಕೆ ಅನುಕೂಲವಾಗುವ ಕಡೆ ಮದುವೆಯನ್ನೂ ಮಾಡಿಕೊಟ್ಟ.

ಸ್ವೀಡನ್ ರಾಜ ಗುಸ್ತಾವ್ ವಾಸಾನ ಮಗ ಯೋಹಾನ್ 1556ರಲ್ಲಿ ಫಿನ್ಲೆಂಡಿನ ಡ್ಯೂಕ್ ಆದ. ಸೋಫಿಯಾ ಹುಟ್ಟುವಾಗ ಅವನಿನ್ನೂ ರಾಜನಲ್ಲ, ಡ್ಯೂಕ್ ಮಾತ್ರ. ತಾಯಿ ಕಾರಿನ್ ಹಾನ್ಸ್‌ದೊಟ್ಟರ್ ಅವನು ಇಟ್ಟುಕೊಂಡಿದ್ದ ಹೆಣ್ಣು. ಇಬ್ಬರಿಗೂ ನಾಲ್ಕು ಮಕ್ಕಳು. ರಾಜಮನೆತನದ ಸಂಬಂಧ ಹುಡುಕಲು ಹೊರಟಾಗ, 1561ರಲ್ಲಿ, ಯೋಹಾನ್ ಕಾರಿನ್‌ಳನ್ನು ತನ್ನ ಆಸ್ಥಾನದವನೊಬ್ಬನಿಗೆ ಮದುವೆ ಮಾಡಿಸಿ, ಫಿನ್ಲೆಂಡಿನ ಕಂಗಸಾಲದ ವಾಕ್ಸು ಜಮೀನ್ದಾರಿಯನ್ನು ಅವಳ ಬದುಕಿಗೆ ಬಿಟ್ಟುಕೊಟ್ಟ. ಮರುವರ್ಷ ಅಕ್ಟೋಬರ್ 4ರಂದು ವಿಲ್ನಿಯಸ್‌ನಲ್ಲಿ ಪೋಲೆಂಡ್ ರಾಜನ ತಂಗಿ ಕ್ಯಾಥರೀನ್ ಯಾಗೆಲ್ಲೋನಳ ಕೈಹಿಡಿದ. ಹಳೆಯ ಸಂಸಾರವನ್ನು ಇಷ್ಟು ಲೆಕ್ಕಾಚಾರವಾಗಿ ಮುಗಿಸಿದವನ ಕಥೆಯನ್ನು ಲೇಖಕರು ಪ್ರೇಮಕಥೆ ಮಾಡಿದ್ದು ಹೇಗೋ!

ಲೇಖನದ ಜೊತೆ ‘ಸೋಫಿಯಾಳ ತಾಯಿ’ ಎಂದು ಅಚ್ಚಾಗಿರುವ ತೈಲಚಿತ್ರ 19ನೇ ಶತಮಾನದ್ದು, ಅದರಲ್ಲಿರುವವಳು ಬೇರೆ ಕಾರಿನ್. ಅವಳು ಯೋಹಾನನ ಅಣ್ಣ 14ನೇ ಎರಿಕ್‌ನ ರಾಣಿ ಕಾರಿನ್ ಮೋನ್ಸ್‌ದೊಟ್ಟರ್, 1568ರಲ್ಲಿ ಪಟ್ಟಾಭಿಷೇಕವಾದವಳು. ಈ ಗೊಂದಲ ಬಹಳ ಕಡೆ ಕಾಣುತ್ತದೆ, ಕಾರಣವೂ ಇದೆ: ಎರಿಕ್‌ನ ಕಾಲ ಮುಗಿದ ಮೇಲೆ ಈ ಕಾರಿನ್‌ಗೆ ಸಿಕ್ಕ ಲಿಯುಕ್ಸಿಯಾಲ ಜಮೀನ್ದಾರಿಯೂ ಅದೇ ಕಂಗಸಾಲದಲ್ಲಿದೆ. ತಂದೆಯ ಹೆಸರು ನೋಡಿದರೆ ಸಾಕು. ಹಾನ್ಸ್‌ನ ಮಗಳು ಒಬ್ಬಳು, ಮೋನ್ಸ್‌ನ ಮಗಳು ಇನ್ನೊಬ್ಬಳು.

ಯುಲ್ಲೆನ್ಯೆಲ್ಮ್ ಎಂಬ ಹೆಸರಿನಲ್ಲೂ ಎಡವಟ್ಟಾಗಿದೆ. ಸೋಫಿಯಾ ಮತ್ತು ಒಡಹುಟ್ಟಿದವರಿಗೆ 1577ರಲ್ಲಿ ಕುಲೀನ ಪದವಿಯೊಂದಿಗೆ ಈ ಹೆಸರು ಬಂತು. ನೌಕಾಪಡೆಯ ಮುಖ್ಯಸ್ಥ ಕಾರ್ಲ್ ಕಾರ್ಲ್ಸನ್ ಯುಲ್ಲೆನ್ಯೆಲ್ಮ್ ಅವಳ ತಮ್ಮನಲ್ಲ. ಅವನು ಯೋಹಾನನ ತಮ್ಮ 9ನೇ ಕಾರ್ಲ್‌ಗೆ ಮದುವೆಯ ಹೊರಗೆ ಹುಟ್ಟಿದ ಮಗ, ಅಂದರೆ ಸೋಫಿಯಾಳ ಚಿಕ್ಕಪ್ಪನ ಮಗ.

ಈಗ ಮುಖ್ಯ ವಿಷಯ, ಮದುವೆ. 1580ರ ಜನವರಿ 14ರಂದು ವಾಡ್‌ಸ್ಟೇನಾದಲ್ಲಿ ಸೋಫಿಯಾಳನ್ನು ಪೊಂಟುಸ್ ದೆ ಲಾ ಗಾರ್ಡಿಗೆ ಕೊಟ್ಟರು. ಅವಳಿಗೆ ಇಪ್ಪತ್ತು ದಾಟಿತ್ತಷ್ಟೆ, ಅವನಿಗೆ ಅರವತ್ತರ ಆಸುಪಾಸು. ದಕ್ಷಿಣ ಫ್ರಾನ್ಸಿನ ಈ ಬಾಡಿಗೆ ಸೈನಿಕ ಡೆನ್ಮಾರ್ಕ್ ಪರ ಕಾದಾಡಿ, 1565ರಲ್ಲಿ ವಾರ್‌ಬೆರ್ಗ್‌ನಲ್ಲಿ ಸ್ವೀಡನ್ನಿಗೆ ಸೆರೆಸಿಕ್ಕು, ಎರಿಕ್‌ನ ಚಾಕರಿಗೆ ಸೇರಿ, ಯೋಹಾನ್ ಅಣ್ಣನನ್ನು ಇಳಿಸಿ ರಾಜನಾದ 1568ರ ದಂಗೆಯಲ್ಲಿ ಯೋಹಾನನ ಕಡೆಗೆ ಬಂದವನು. ಸೇನೆ ನಡೆಸಲು ಇಂಥವನು ಬೇಕು, ಆದರೆ ಪಕ್ಷ ಬದಲಿಸಿ ಅಭ್ಯಾಸವಿರುವವನನ್ನು ಹಿಡಿದಿಡುವುದು ಹೇಗೆ? ಅಳಿಯ ಮಾಡಿಕೊಂಡರೆ ಆಯಿತು. ಖರ್ಚಿನ ಲೆಕ್ಕವೂ ಇತ್ತು. ಗುಸ್ತಾವ್ ವಾಸಾ ತನ್ನ ರಾಣಿಯ ಹೆಣ್ಣುಮಕ್ಕಳಿಗೆ ತಲಾ 1 ಲಕ್ಷ ದಾಲರ್ ವರದಕ್ಷಿಣೆ ಗೊತ್ತುಮಾಡಿದ್ದ. ಅಂಥ ಹುಡುಗಿಯರು ಜರ್ಮನ್ ದೊರೆಗಳ ಮನೆ ಸೇರುತ್ತಿದ್ದರು. ಸೋಫಿಯಾಳಂಥ ಮಗಳನ್ನಾದರೋ ದಂಡನಾಯಕನಿಗೆ ಕೊಡಬಹುದಿತ್ತು, ಭೂಮಿ ಬರೆದುಕೊಟ್ಟರೆ ಸಾಕಿತ್ತು. ‘ಹುಟ್ಟಿನ ಕಳಂಕ ಮುಚ್ಚಲು ಮುದುಕನಿಗೆ ಕೊಟ್ಟರು’ ಎಂಬ ನಿಮ್ಮ ಲೇಖಕರ ಮಾತನ್ನು ಒಪ್ಪುವುದು ಕಷ್ಟ. ಕಳಂಕಕ್ಕಿಂತ ಅವಳ ಉಪಯೋಗವೇ ತಂದೆಯ ಕಣ್ಣಿಗೆ ಬಿದ್ದಿತ್ತು.

ಮದುವೆಯಾದ ವರ್ಷದ ನವೆಂಬರಿನಲ್ಲಿ ಪೊಂಟುಸ್ ರಷ್ಯನ್ನರಿಂದ ಕಾಕಿಸಾಲ್ಮಿ ಕಿತ್ತುಕೊಂಡ, 1581ರ ಸೆಪ್ಟೆಂಬರಿನಲ್ಲಿ ನಾರ್ವಾ. ಅತ್ತ ಅವನ ಕೋಟೆಗಳು, ಇತ್ತ ಅವಳ ಹೆರಿಗೆಗಳು: 1581ರಲ್ಲಿ ಬ್ರೀಟಾ, 1582ರಲ್ಲಿ ಯೋಹಾನ್, 1583ರ ಜೂನಿನಲ್ಲಿ ಯಾಕೋಬ್. ರೇವಲ್‌ನಲ್ಲಿ, ಅಂದರೆ ಇಂದಿನ ಟಾಲಿನ್‌ನಲ್ಲಿ, ಈ ಮೂರನೇ ಹೆರಿಗೆಯಲ್ಲೇ ಸೋಫಿಯಾ ತೀರಿಕೊಂಡಳು. ಎರಡು ವರ್ಷದ ಮೇಲೆ, ರಷ್ಯದೊಡನೆ ಸಂಧಾನ ನಡೆಸುತ್ತಿದ್ದ ಪೊಂಟುಸ್ ನಾರ್ವಾ ಹೊಳೆಯಲ್ಲಿ ದೋಣಿ ಮುಳುಗಿ ಸತ್ತ. ತಬ್ಬಲಿ ಮಕ್ಕಳನ್ನು ಸಾಕಿದ್ದು ಅಜ್ಜಿ ಕಾರಿನ್ ಹಾನ್ಸ್‌ದೊಟ್ಟರ್. ನಿಮ್ಮ ಲೇಖನದಲ್ಲಿ ಈ ಅಜ್ಜಿಯ ಸುಳಿವೇ ಇಲ್ಲ. ನನಗಂತೂ ಇಡೀ ಕಥೆಯಲ್ಲಿ ಗಟ್ಟಿಗಿತ್ತಿ ಅವಳೇ.

ಗಂಡಹೆಂಡಿರ ಸಮಾಧಿ ಟಾಲಿನ್ನಿನ ಟೂಂಪೇಯಾ ಗುಡ್ಡದ ಪ್ರಧಾನ ಚರ್ಚಿನಲ್ಲಿದೆ. ಶಿಲ್ಪಿ ಆರೆಂಟ್ ಪಾಸ್ಸರ್, ಕೆಲಸ ಮುಗಿದದ್ದು 1595ರಲ್ಲಿ. ಮೇಲೆ ಇಬ್ಬರ ಆಳೆತ್ತರದ ಮೂರ್ತಿಗಳು ಅಕ್ಕಪಕ್ಕ ಮಲಗಿವೆ, ಪಕ್ಕದ ಕಲ್ಲಿನಲ್ಲಿ ನಾರ್ವಾ ಪಟ್ಟಣದ ಉಬ್ಬುಚಿತ್ರವಿದೆ. ರಾಜನ ಮಗಳೊಬ್ಬಳನ್ನು ಮರೆಮಾಚಬೇಕೆಂದವರು ಚರ್ಚಿನೊಳಗೆ ಇಂಥ ಕಲ್ಲು ನಿಲ್ಲಿಸುತ್ತಾರೆಯೇ?

‘ಅವಳ ಕುಡಿ ಅಲ್ಲಿಗೇ ಕಮರಿತು’ ಎಂಬುದಂತೂ ಪೂರ್ತಿ ತಪ್ಪು. ಆ ಯಾಕೋಬ್ ಸ್ವೀಡನ್ನಿನ ಮಹಾದಂಡನಾಯಕನಾದ. 1610ರ ಮಾರ್ಚಿನಲ್ಲಿ ಮಾಸ್ಕೋ ಪ್ರವೇಶಿಸಿ, ಅದೇ ವರ್ಷ ಕ್ಲುಶಿನೋದಲ್ಲಿ ಪೋಲೆಂಡಿನ ಸೇನೆಗೆ ಸೋತ. ಆ ಸೇನೆಯ ಒಡೆಯ ರಾಜ ಸಿಗಿಸ್ಮಂಡ್, ಯೋಹಾನ್ ಮತ್ತು ಕ್ಯಾಥರೀನರ ಮಗ, ಎಂದರೆ ಯಾಕೋಬನಿಗೆ ಮಲಸಂಬಂಧದಲ್ಲಿ ಸೋದರಮಾವ. ಯಾಕೋಬನ ಮಗ ಮಾಗ್ನುಸ್ ಗಾಬ್ರಿಯೆಲ್ ರಾಜ್ಯದ ಚಾನ್ಸೆಲರ್ ಆದ, ಮುಂದೆ 10ನೇ ಕಾರ್ಲ್ ಗುಸ್ತಾವ್ ಎನಿಸಿಕೊಂಡವನ ತಂಗಿಯನ್ನು 1647ರಲ್ಲಿ ಮದುವೆಯಾದ. ಉಪ್ಸಾಲಾ ವಿಶ್ವವಿದ್ಯಾಲಯದ ಹೆಮ್ಮೆಯ ‘ಬೆಳ್ಳಿ ಬೈಬಲ್’ (ಬೆಳ್ಳಿ ಶಾಯಿಯಲ್ಲಿ ಬರೆದ ಪ್ರಾಚೀನ ಬೈಬಲ್) ಹಸ್ತಪ್ರತಿ 1669ರಲ್ಲಿ ಅವನು ಕೊಟ್ಟ ದಾನ.

ಮುಂದಿನ ಸಂಚಿಕೆಯಲ್ಲಿ ಕನಿಷ್ಠ ಆ ಚಿತ್ರದ ಅಡಿಬರಹವನ್ನಾದರೂ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಧಾರವಾಡ