ಬರಡು ಅಂತ ಬರೆಯಬೇಡ

ಪುಟ್ಟಿ,

ನೀನು ಕಳಿಸಿದ 'ಚಳ್ಳಕೆರೆ ತಾಲ್ಲೂಕು ಪರಿಚಯ' ಓದಿದೆ. ಬೇರೇನೂ ತಕರಾರಿಲ್ಲ. ಎರಡನೇ ಸಾಲಿನಲ್ಲಿ 'ಬರಡು ಭೂಮಿ' ಅಂತ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು.

ಮಳೆ ಕಡಿಮೆ, ಒಪ್ಪಿದೆ. ವರ್ಷಕ್ಕೆ 500 ಮಿಲಿಮೀಟರ್ ಮುಟ್ಟಿದರೆ ನಮಗೆ ಹಬ್ಬ. ವೇದಾವತಿಯಲ್ಲಿ ನೀರಿಗಿಂತ ಮರಳು ಕಂಡದ್ದೇ ಹೆಚ್ಚು. 2022ರಲ್ಲಿ ಆ ಹೊಳೆಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು 89 ವರ್ಷದ ಮೇಲೆ ಕೋಡಿ ಬಿದ್ದಾಗ, ಹೊಳೆ ನೋಡಬೇಕು ಅಂತ ನಿನ್ನಜ್ಜಿ ಹಟ ಹಿಡಿದದ್ದು ನೆನಪಿದೆಯಾ?

ಅಷ್ಟು ಮಳೆ ಹುಲ್ಲಿಗೆ ಸಾಕು. ಆ ಹುಲ್ಲನ್ನು ನಂಬಿಯೇ ಅಮೃತ್ ಮಹಲ್ ಕಾವಲುಗಳು, ಅಂದರೆ ಅರಮನೆ ದನಗಳ ಹುಲ್ಲುಗಾವಲುಗಳಾದದ್ದು. ದನ ಸಾಕಲು ಚಿಕ್ಕದೇವರಾಜ ಒಡೆಯರು ಇಟ್ಟಿದ್ದ 'ಬೆಣ್ಣೆ ಚಾವಡಿ' ಇಲಾಖೆಗೆ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟ. ಅವನ ಫಿರಂಗಿ ಎಳೆದದ್ದು ಅದೇ ಹೆಸರಿನ ತಳಿಯ ಎತ್ತುಗಳೇ. ಕಾವಲಲ್ಲಿ ಮೇಯುವ ಕುರಿಯ ಉಣ್ಣೆಗೆ ಹುಣಸೆಬೀಜದ ಗಂಜಿ ಹಚ್ಚಿ ನೇಯ್ದರೆ ನಮ್ಮ ಕಂಬಳಿ. ಮ್ಯಾಸಬೇಡ ಸಮುದಾಯದವರು ದೇವರ ಹೆಸರಲ್ಲಿ ಬಿಟ್ಟ ಎತ್ತುಗಳನ್ನು ಕಿಲಾರಿಗಳು, ಅಂದರೆ ಅವುಗಳನ್ನು ಕಾಯುವವರು, ಮೇಯಿಸುವುದೂ ಇಂಥ ಕಡೆಯೇ.

ಸರ್ಕಾರದ ಕಾಗದದಲ್ಲಿ ಈ ಕಾವಲು ಖಾಲಿ ಜಾಗ. 2009ರ ಆಸುಪಾಸಿನಿಂದ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣೆ ಅಂತ ಬೇರೆ ಬೇರೆ ಸಂಸ್ಥೆಗಳ ಪಾಲಾಯಿತು. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಅಂತ ಉಳ್ಳಾರ್ತಿ ಕಾವಲಲ್ಲಿ ಚಂದ್ರನ ಮೇಲಿರುವಂಥ ಗುಂಡಿಗಳನ್ನು ತೋಡಿದರು. 2023ರಲ್ಲಿ ಅದು ಇಳಿದಾಗ ನಾನೂ ಟಿವಿ ಮುಂದೆ ಚಪ್ಪಾಳೆ ಹೊಡೆದವನೇ, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಂಸ್ಥೆಗಳ ಗೋಡೆ ಬಳಸಿಕೊಂಡು ಕುರಿ ಹೊಡೆಯುವವರಿಗೆ ದಾರಿ ಉದ್ದವಾಯಿತು. ನಿನ್ನ ಪರಿಚಯದಲ್ಲಿ ಇವೆರಡೂ ಇರಲಿ.

'ಎಣ್ಣೆ ನಗರಿ' ಅಂತ ಒಂದೇ ಸಾಲು ಗೀಚಿದ್ದೀಯ. ಶೇಂಗಾ ಸುಗ್ಗಿಯಲ್ಲಿ ಬಸ್ಸು ನಿಲ್ಲುವ ಮೊದಲೇ ಹಿಂಡಿಯ ವಾಸನೆ ಮೂಗಿಗೆ ಬಡಿದು ನಿದ್ದೆ ಎಬ್ಬಿಸುತ್ತಿತ್ತು. ಅಗ್ಗದ ತಾಳೆಎಣ್ಣೆ ಬಂತು, ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು.

ಜನರ ಬಗ್ಗೆ ಬರೆಯುವಾಗ ತೆಲುಗು ಮರೆತಿದ್ದೀಯ. ಆಂಧ್ರದ ಗಡಿ ಇಲ್ಲೇ. ಕನ್ನಡದಲ್ಲಿ ಶುರುವಾದ ಜಗಳ ತೆಲುಗಲ್ಲಿ ಮುಗಿಯುವ ಊರು ನಮ್ಮದು. ಗೌರಸಮುದ್ರದ ಮಾರಮ್ಮನಿಗೆ ಈರುಳ್ಳಿ ತೂರುವುದನ್ನೂ ಸೇರಿಸು. ನಾಯಕನಹಟ್ಟಿ ತಿಪ್ಪೇಸ್ವಾಮಿ ಬಗ್ಗೆ 'ಪವಾಡ ಪುರುಷ' ಅಂದಷ್ಟೇ ಬಿಟ್ಟಿದ್ದೀಯ. ಅವರು ಕೆರೆ ಕಟ್ಟಿಸಿದವರು. 'ಮಾಡಿದಷ್ಟು ನೀಡು ಭಿಕ್ಷೆ' ಅಂದವರು.

ನಾಯಕನಹಟ್ಟಿ ತೇರಿಗೆ ಬರುತ್ತೇನೆ ಅಂದಿದ್ದೀಯ. ಆಗ ಬಿಸಿಲು ಏರಿರುತ್ತೆ, ಹುಲ್ಲೆಲ್ಲ ಒಣಗಿ ನೀನು ಬರೆದದ್ದೇ ಸರಿ ಅನ್ನಿಸೀತು. ಅದಕ್ಕಿಂತ ದಸರಾ ರಜೆಗೆ ಬಾ, ಕಾವಲಿಗೆ ಹೋಗಿಬರೋಣ.

ನಿನ್ನ
ಅಪ್ಪ