ನಿಂತಲ್ಲೇ ಕೆಡುವ ಡೀಸೆಲ್ ಇಂಜಿನ್

ಮಾನ್ಯ ಸಂಪಾದಕರೇ,

ನೌಕಾಪಡೆಯ ಇಬ್ಬರು ಮಹಿಳಾ ಅಧಿಕಾರಿಗಳು ‘ತಾರಿಣಿ’ ಹಾಯಿದೋಣಿಯಲ್ಲಿ 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟು, ಭೂಮಿಯನ್ನು ಸುತ್ತಿ, 2025ರ ಮೇ 29ರಂದು ಗೋವಾಕ್ಕೇ ಮರಳಿದ ವೃತ್ತಾಂತವನ್ನು ತಮ್ಮ ಪತ್ರಿಕೆಯಲ್ಲಿ ಓದಿದ ನಮ್ಮೂರಿನ ಕೆಲವರು, ಗಾಳಿಯಲ್ಲಿ ಓಡುವ ದೋಣಿಗೆ ಇಂಜಿನ್ ಯಾಕೆ ಎಂದು ನನ್ನನ್ನು ಕೇಳಿದರು. ಆ ಯಾನ ಹಾಯಿಯ ಬಲದಿಂದಲೇ ನಡೆದದ್ದು ನಿಜ. ಆದರೆ ಹವ್ಯಾಸಕ್ಕೆ ದೋಣಿ ಇಟ್ಟುಕೊಂಡವರಿಗೆ ಅಳಿವೆ ದಾಟಿ ಒಳಗೆ ಬರುವಾಗ, ಗಾಳಿ ಪೂರ್ತಿ ಬಿದ್ದುಹೋದಾಗ, ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತ ದೋಣಿಗಳ ನಡುವೆ ನುಸುಳುವಾಗ ಒಂದು ಸಣ್ಣ ಡೀಸೆಲ್ ಇಂಜಿನ್ ಬೇಕೇಬೇಕು.

ಗೋವಾದಲ್ಲಿಯೂ ಆಮೇಲೆ ಕೊಚ್ಚಿಯಲ್ಲಿಯೂ ಇಂಥ ಇಂಜಿನ್‌ಗಳ ರಿಪೇರಿಯಿಂದಲೇ ಹೊಟ್ಟೆ ಹೊರೆದು, ಈಗ ಗುಬ್ಬಿಯ ಬಳಿ ತೆಂಗು, ಅಡಿಕೆ ನೋಡಿಕೊಂಡಿರುವ ನನಗೆ, ಅಲ್ಲಿನ ದೋಣಿ ಮಾಲೀಕರು ಹೇಳುತ್ತಿದ್ದ ಅನುಭವಗಳೂ ಇಲ್ಲಿನ ರೈತರು ಟಿಲ್ಲರ್ ಮತ್ತು ಪಂಪ್‌ಸೆಟ್‌ಗಳ ಬಗ್ಗೆ ಹೇಳುವ ದೂರುಗಳೂ ಬಹುಮಟ್ಟಿಗೆ ಒಂದೇ ಎನಿಸಿವೆ. ಸಹಾಯಧನದಲ್ಲಿ ಯಂತ್ರ ವಿತರಿಸುವ ಕೃಷಿ ಇಲಾಖೆ, ಅದನ್ನು ನೋಡಿಕೊಳ್ಳುವ ಕ್ರಮವನ್ನೂ ಯಂತ್ರದ ಜೊತೆಗೇ ಮಾಲೀಕನಿಗೆ ಕಲಿಸಬೇಕೆಂದು ಕೇಳುವುದಕ್ಕಾಗಿ ಈ ಪತ್ರ.

ಹಾಯಿದೋಣಿಯವರಲ್ಲಿ ಬಹಳ ಬಳಕೆಯಲ್ಲಿದ್ದ ಯಾನ್ಮಾರ್ 1ಜಿಎಂ10 ಎಂಬ ಇಂಜಿನ್ನನ್ನೇ ತೆಗೆದುಕೊಳ್ಳೋಣ. ಒಂದೇ ಸಿಲಿಂಡರ್, 318 ಸಿಸಿ, ಸುಮಾರು 9 ಎಚ್‌ಪಿ. ನಮ್ಮ ತೋಟದ ಟಿಲ್ಲರ್ ಇಂಜಿನ್‌ಗಿಂತ ಚಿಕ್ಕದು. ಇಂಥ ಇಂಜಿನ್ ಸವೆದು ಹಾಳಾದದ್ದನ್ನು ನಾನು ಕಂಡದ್ದು ಅಪರೂಪ. ಹೆಚ್ಚಿನವು ಹಾಳಾದದ್ದು ಕೆಲಸವಿಲ್ಲದೆ ನಿಂತು. ವಾರಗಟ್ಟಲೆ ನಿಂತ ಇಂಜಿನ್ನಿನ ಸಿಲಿಂಡರ್ ಗೋಡೆಯಿಂದ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ, ಪಿಸ್ಟನ್ ಸುತ್ತಲಿನ ರಿಂಗ್ ಅಂಟಿಕೊಳ್ಳುತ್ತದೆ, ಇಂಜಿನ್ನಿನ ತಳದ ಸಂಪಿನಲ್ಲಿ ಉಳಿದ ಹಳೆಯ ಆಯಿಲ್ಲಿನ ಆಮ್ಲ ಬೇರಿಂಗ್‌ಗಳನ್ನು ತಿನ್ನುತ್ತದೆ. ಅದಕ್ಕಾಗಿಯೇ ತಿಳಿದ ಮಾಲೀಕರು ದೋಣಿಯನ್ನು ಮಳೆಗಾಲಕ್ಕೆ ದಡಕ್ಕೆ ಏರಿಸುವ ಮೊದಲೇ ಆಯಿಲ್ ಬದಲಿಸುತ್ತಾರೆಯೇ ಹೊರತು ಮತ್ತೆ ನೀರಿಗೆ ಇಳಿಸುವಾಗ ಅಲ್ಲ. ನಮ್ಮಲ್ಲಿ ಉಳುಮೆ ಮುಗಿದ ಟಿಲ್ಲರನ್ನು ಇದ್ದ ಹಾಗೆಯೇ ಶೆಡ್ಡಿಗೆ ತಳ್ಳಿ, ಮುಂದಿನ ಮಳೆಗೆ ಹೊರತೆಗೆದಾಗ ಆಯಿಲ್ ನೋಡುವ ರೂಢಿ ಇದೆ. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿರುತ್ತದೆ.

ಎರಡನೆಯ ಶತ್ರು ಡೀಸೆಲ್‌ನೊಳಗಿನ ನೀರು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಆ ಪದರದಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ದೋಣಿ ಶಾಂತ ನೀರಿನಲ್ಲಿರುವವರೆಗೂ ಅದು ತಳದಲ್ಲೇ ಇದ್ದು ಯಾರಿಗೂ ತೊಂದರೆ ಕೊಡುವುದಿಲ್ಲ. ಅಲೆ ಎದ್ದು ಟ್ಯಾಂಕ್ ಕುಲುಕಿದಾಗ ಕದಡಿ ಮೇಲೆದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಜಿನ್ ಸರಿಯಾಗಿ ಅಳಿವೆಯ ಬಾಯಲ್ಲೇ, ಬಂಡೆಗಳ ಪಕ್ಕದಲ್ಲೇ ಯಾಕೆ ನಿಲ್ಲುತ್ತದೆ ಎಂದು ದೋಣಿಯವರು ಹಣೆಬರಹವನ್ನು ಹಳಿಯುವುದುಂಟು. ಅದರ ಗುಟ್ಟು ಇಷ್ಟೇ. ಬಂಕಿನಿಂದ ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದ ಡೀಸೆಲನ್ನು ತಿಂಗಳುಗಟ್ಟಲೆ ಪಂಪ್‌ಹೌಸಿನ ಮೂಲೆಯಲ್ಲಿಟ್ಟು, ತಳದ ಗಸಿಯ ಸಮೇತ ಟ್ಯಾಂಕಿಗೆ ಸುರಿಯುವ ನಮ್ಮವರ ಟಿಲ್ಲರ್ ಗಡ್ಡೆ ನೆಲದಲ್ಲಿ ಕುಲುಕುವಾಗ ನಿಲ್ಲುವುದಕ್ಕೂ ಬಹುತೇಕ ಇದೇ ಕಾರಣ. ದೋಣಿಗಳಲ್ಲಿ ಟ್ಯಾಂಕಿಗೂ ಇಂಜಿನ್ನಿಗೂ ನಡುವೆ ನೀರು ಬೇರ್ಪಡಿಸುವ ಗಾಜಿನ ಬಟ್ಟಲು ಇರುತ್ತದೆ. ಕೆಳಗಿನ ತಿರುಪು ಸಡಿಲಿಸಿದರೆ ತಳದ ನೀರು ಹೊರಬರುತ್ತದೆ. ಇಂಜಿನ್ ನಿಲ್ಲಿಸಿಡುವ ಕಾಲದಲ್ಲಿ ಟ್ಯಾಂಕನ್ನು ಅಂಚಿನವರೆಗೆ ತುಂಬಿಡುವುದಂತೂ ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಕೆಲಸ.

ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದು ಇಂಜಿನ್ ಹತ್ತುವುದಿಲ್ಲ. ಫಿಲ್ಟರ್ ಮೇಲಿನ ತಿರುಪು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಆನಂತರ ನಾಜಲ್ ಪೈಪಿನ ನಟ್ಟು ಸಡಿಲಿಸಿ ಇಂಜಿನ್ ತಿರುಗಿಸಿದರೆ ಏರ್ ಹೋಗುತ್ತದೆ. ಹತ್ತು ನಿಮಿಷದ ಈ ಕೆಲಸಕ್ಕೆ ಮೆಕ್ಯಾನಿಕ್‌ಗಾಗಿ ಎರಡು ದಿನ ಕಾದು ಹದ ಕಳೆದುಕೊಂಡ ರೈತರು ನಮ್ಮ ಹೋಬಳಿಯಲ್ಲೇ ಇದ್ದಾರೆ. ದೋಣಿಯಲ್ಲಿ ಇದಕ್ಕೊಂದು ಅಪಾಯವೂ ಅಂಟಿಕೊಂಡಿದೆ. ಅಲ್ಲಿ ಇಂಜಿನ್ನನ್ನು ತಂಪು ಮಾಡಿ ಬಂದ ಸಮುದ್ರದ ನೀರನ್ನು ಹೊಗೆ ಕೊಳವೆಯೊಳಗೇ ಬಿಟ್ಟಿರುತ್ತಾರೆ. ಇಂಜಿನ್ ಹತ್ತದಿದ್ದರೂ ಸ್ಟಾರ್ಟರ್ ಒತ್ತುತ್ತಲೇ ಇದ್ದರೆ, ತಳ್ಳುವ ಹೊಗೆಯಿಲ್ಲದೆ ಆ ನೀರು ಹಿಂದಕ್ಕೆ ತುಂಬಿ ಸಿಲಿಂಡರಿಗೇ ನುಗ್ಗುತ್ತದೆ. ನೀರನ್ನು ಅದುಮಲು ಬಾರದ್ದರಿಂದ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು. ಇಂಜಿನ್ ಹತ್ತುವವರೆಗೆ ನೀರಿನ ವಾಲ್ವ್ ಮುಚ್ಚಿಡಿ ಎಂದು ದೋಣಿಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಇದರಿಂದಲೇ.

ತಂಪಿನ ವಿಷಯದಲ್ಲಿ ಕಡಲಿಗೂ ಬಯಲುಸೀಮೆಗೂ ಇರುವ ಹೋಲಿಕೆ ನನ್ನನ್ನು ಬೆರಗುಗೊಳಿಸಿದೆ. ಸಮುದ್ರದ ನೀರನ್ನು ನೇರವಾಗಿ ಸಿಲಿಂಡರ್ ಸುತ್ತಲಿನ ಜಾಕೆಟ್ಟಿನಲ್ಲಿ ಹರಿಸುವ ಇಂಜಿನ್ ಬಹಳ ಬಿಸಿಯಾದರೆ ಉಪ್ಪು ಒಳಗೇ ಗಟ್ಟಿಯಾಗುತ್ತದೆಂದು, ಬಿಸಿಗೆ ತಕ್ಕಂತೆ ತಂಪಿನ ನೀರು ಬಿಡುವ ಅದರ ಥರ್ಮೋಸ್ಟಾಟನ್ನು 60 ಡಿಗ್ರಿಗಿಂತ ಕೆಳಗೇ ತೆರೆಯುವಂತೆ ಇಟ್ಟಿರುತ್ತಾರೆ. ಪಾವಗಡ, ಸಿರಾ ಕಡೆಯ ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಹಾಕಿದವರಿಗೆ ಒಳಗಿನ ಬಿಳಿ ಪೊರೆ ಹೊಸದಲ್ಲ. ಅಲ್ಲಿ ಮಳೆನೀರನ್ನೋ ಕೂಲಂಟನ್ನೋ ಬಳಸುವುದಷ್ಟೇ ಪರಿಹಾರ. ಇನ್ನು ಸಮುದ್ರದ ನೀರನ್ನು ಎಳೆಯುವ ಪಂಪಿನೊಳಗಿನ ರಬ್ಬರ್ ಇಂಪೆಲ್ಲರ್, ಅಂದರೆ ರೆಕ್ಕೆಗಳ ಚಕ್ರ, ನೀರಿಲ್ಲದೆ ತಿರುಗಿದರೆ ಕೆಲವೇ ನಿಮಿಷಗಳಲ್ಲಿ ಹರಿದುಹೋಗುತ್ತದೆ; ಹಾಗಾಗಿ ಇಂಜಿನ್ ಹತ್ತಿದೊಡನೆ ದೋಣಿಯ ಹಿಂದೆ ಬಗ್ಗಿ ನೀರು ಉಗುಳುತ್ತಿದೆಯೇ ಎಂದು ನೋಡುವುದು ಪ್ರತಿಯೊಬ್ಬ ಮಾಲೀಕನ ಅಭ್ಯಾಸ. ಡೆಲಿವರಿ ಪೈಪಿನಿಂದ ಸಣ್ಣ ನಳಿಕೆಯಲ್ಲಿ ತಂಪಿನ ನೀರು ಪಡೆಯುವ ಪಂಪ್‌ಸೆಟ್ ಇದ್ದವರು ಕೂಡ ಹಾಗೆಯೇ ಬಗ್ಗಿ ನೋಡಬೇಕು.

ಕಡಿಮೆ ಹೊರೆಯಲ್ಲಿ ಓಡಿಸುವುದರ ಕೇಡನ್ನು ನಂಬಿಸುವುದು ಕಷ್ಟ. ಲಂಗರು ಹಾಕಿ ಬ್ಯಾಟರಿ ಚಾರ್ಜ್ ಮಾಡಲೆಂದೇ ಗಂಟೆಗಟ್ಟಲೆ ಇಂಜಿನ್ ನಿಧಾನವಾಗಿ ಓಡಿಸಿದರೆ ಸಿಲಿಂಡರ್ ಸಾಕಷ್ಟು ಬಿಸಿಯಾಗದೆ, ರಿಂಗ್ ಗೋಡೆಗೆ ಒತ್ತಿ ಕೂರದೆ, ಆಯಿಲ್ ಹಿಡಿದಿಡಲು ಗೋಡೆಯ ಮೇಲಿರುವ ಸಣ್ಣ ಗೀರುಗಳಲ್ಲಿ ಮೆರುಗು ಕಟ್ಟಿ ಇಂಜಿನ್ ಆಯಿಲ್ ಕುಡಿಯತೊಡಗುತ್ತದೆ. ಸೌರಫಲಕ ಬಂದ ಮೇಲೆ ದೋಣಿಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ. ಕರೆಂಟ್ ಹೋದಾಗ ದೊಡ್ಡ ಇಂಜಿನ್ ಇಟ್ಟು ಎರಡು ಬಲ್ಬ್ ಉರಿಸುವವರು ಮಾತ್ರ ನಮ್ಮಲ್ಲಿ ಇನ್ನೂ ಇದ್ದಾರೆ. ‘ಇಂಜಿನ್ನಿಗೆ ಆಯಾಸವಾಗದಿರಲಿ’ ಎಂಬ ಅವರ ಕರುಣೆಯೇ ಅದಕ್ಕೆ ಮುಳುವು.

ಇದರಲ್ಲಿ ಯಾವುದೂ ಇಂಜಿನಿಯರುಗಳ ವಿದ್ಯೆಯಲ್ಲ. ಹಾಯಿದೋಣಿಯವನು ದಡದಿಂದ ದೂರದಲ್ಲಿ ಮೆಕ್ಯಾನಿಕ್ ಸಿಗುವುದಿಲ್ಲವೆಂಬ ಭಯದಿಂದ ಇದನ್ನು ಕಲಿತಿರುತ್ತಾನೆ. ನಮ್ಮ ರೈತನಿಗೆ ಕಲಿಸುವವರಿಲ್ಲ. ಹಲವು ಯಂತ್ರಗಳ ಜೊತೆ ಬರುವ ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಟಿಲ್ಲರ್ ಹಾಗೂ ಡೀಸೆಲ್ ಪಂಪ್‌ಸೆಟ್ ಪಡೆಯುವ ಫಲಾನುಭವಿಗಳಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಕನಿಷ್ಠ ಅರ್ಧ ದಿನ, ಅವರ ಕೈಯಿಂದಲೇ ಫಿಲ್ಟರ್ ಬಿಚ್ಚಿಸಿ ಏರ್ ತೆಗೆಸುವ ತರಬೇತಿ ನಡೆಯಬೇಕು. ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳು, ಡೀಸೆಲ್ ಮೆಕ್ಯಾನಿಕ್ ತರಗತಿ ಇರುವ ಐಟಿಐಗಳು ಇದಕ್ಕೆ ಜೊತೆಗೂಡಬಹುದು. ಯಂತ್ರದ ಜೊತೆ ಒಂದು ಬದಲಿ ಫಿಲ್ಟರ್, ನೀರು ಬೇರ್ಪಡಿಸುವ ಬಟ್ಟಲು ಮತ್ತು ಕನ್ನಡದ ಕೈಪಿಡಿಯನ್ನು ಕಡ್ಡಾಯಗೊಳಿಸುವ ಷರತ್ತನ್ನು ಮುಂದಿನ ಮುಂಗಾರಿನ ವಿತರಣೆಗೆ ಮೊದಲೇ ಪೂರೈಕೆದಾರರ ಒಪ್ಪಂದದಲ್ಲಿ ಸೇರಿಸಬೇಕೆಂದು ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಡೀಸೆಲ್ ಮೆಕ್ಯಾನಿಕ್
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ