ಭೀಮವ್ವನಂಥವರ ಬದುಕು ಮಕ್ಕಳ ಕಥೆಯಾಗಲಿ

ಮಾನ್ಯರೇ,

ಕೊಪ್ಪಳ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾಡೇ ಹೆಮ್ಮೆಪಟ್ಟಿತು. ಆದರೆ ತೊಂಬತ್ತು ದಾಟಿದ ಆ ಅಜ್ಜಿಯ ಬದುಕು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ತೊಗಲುಗೊಂಬೆಯಾಟ ಇಡೀ ಮನೆಮಂದಿಯ ದುಡಿಮೆ. ಒಬ್ಬರು ಗೊಂಬೆ ಆಡಿಸಿದರೆ ಇನ್ನೊಬ್ಬರು ಹಾಡುತ್ತಾರೆ, ಮತ್ತೊಬ್ಬರು ತಾಳ ಹಾಕುತ್ತಾರೆ. ಮಕ್ಕಳು ಪರದೆಯ ಹಿಂದೆ ಕುಳಿತೇ ರಾಮಾಯಣ, ಮಹಾಭಾರತ ಕಲಿಯುತ್ತಾರೆ. ಹದಗೊಳಿಸಿದ ತೊಗಲಿಗೆ ಬಣ್ಣ ಹಚ್ಚಿ, ಒಡವೆಯ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಕೊರೆಯುತ್ತಾರೆ. ಹಿಂದಿನಿಂದ ದೀಪದ ಬೆಳಕು ತೂರಿಬಂದರೆ ಸೀತೆಯ ಕಿವಿಯೋಲೆ ಮಿನುಗುತ್ತದೆ. ಏಳೆಂಟು ವರ್ಷದ ಮಗುವಿಗೆ ಇದಕ್ಕಿಂತ ಸೊಗಸಾದ ಕಥಾವಸ್ತು ಬೇಕೆ?

ಅಂಗಡಿಗಳಲ್ಲಿ ಮಕ್ಕಳ ಪುಸ್ತಕಗಳಿಗೇನೂ ಬರವಿಲ್ಲ. ಅವುಗಳಲ್ಲಿ ಬಹಳಷ್ಟು ಅದೇ ರಾಜಕುಮಾರಿ, ಅದೇ ನರಿ, ಕೊನೆಗೊಂದು ನೀತಿ. ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಧಾರವಾಡದ ಬಾಲವಿಕಾಸ ಅಕಾಡೆಮಿ ಇಂಥ ಕಲಾವಿದರ ಕುಟುಂಬಗಳ ಕುರಿತು ಚಿತ್ರಕಥೆಗಳನ್ನು ಬರೆಸಿ, ಕಡಿಮೆ ಬೆಲೆಗೆ ಹೊರತರಬೇಕು. ಪ್ರಶಸ್ತಿಯ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವುದು ಬೇಡ. ಜನ ಬಾರದ ರಾತ್ರಿಗಳಲ್ಲೂ ದೀಪ ಹಚ್ಚಿ ಆಟ ಕಟ್ಟಿದವರ ಛಲ, ಅಜ್ಜಿ ಮೊಮ್ಮಕ್ಕಳಿಗೆ ಹಾಡು ಹೇಳಿಕೊಡುವ ಬಗೆ, ಗೊಂಬೆ ಹರಿದಾಗ ಹೊಲಿದು ಜೋಪಾನ ಮಾಡುವ ಕೈಗಳು ಪುಟಗಳಲ್ಲಿ ಕಾಣಲಿ. ಬರೆಯುವ ಮುನ್ನ ಲೇಖಕರೂ ಚಿತ್ರಕಾರರೂ ಕಲಾವಿದರ ಮನೆಗೇ ಹೋಗಿ ಕೇಳಿ ತಿಳಿಯಲಿ. ಹಿರಿಯರು ನಮ್ಮೊಂದಿಗಿರುವಾಗಲೇ ಈ ಕೆಲಸ ಆಗಬೇಕು.

– ನಿವೃತ್ತ ಶಿಕ್ಷಕಿ, ಗಂಗಾವತಿ